ಉಳ್ಳಾಗಡ್ಡಿ ಚೀಸ್ ಟಾರ್ಟಿನ ತಳ ಹಸಿಯಾಗಿ ಉಳಿಯುವುದೇಕೆ?

ಹುಬ್ಬಳ್ಳಿಯ ಏಪ್ರಿಲ್ ಧಗೆಯಲ್ಲಿ ಮಾಡಿದ ಟಾರ್ಟು (ಬೆಣ್ಣೆಯಿಟ್ಟು ಮಡಿಚಿ ಲಟ್ಟಿಸಿದ ಪಫ್ ಹಿಟ್ಟಿನ ಮೇಲೆ ಹೂರಣ ಹರಡಿ ಓವನ್ನಿನಲ್ಲಿ ಬೇಯಿಸುವ ತಿನಿಸು) ಪದರು ಬಿಡದೆ, ತಳ ಹಸಿ ಹಿಟ್ಟಿನಂತೆಯೇ ಉಳಿಯಿತೆಂದು ಬರೆದು, ನೀವು ಚೀಸನ್ನು ದೂರಿದ್ದೀರಿ. ನನ್ನ ದೃಷ್ಟಿಯಲ್ಲಿ ತಪ್ಪು ಬೆಣ್ಣೆಯದು ಮತ್ತು ಉಳ್ಳಾಗಡ್ಡಿಯದು. ಪದರುಗಳಲ್ಲಿರುವ ನೀರು ಓವನ್ನಿನ ಕಾವಿಗೆ ಆವಿಯಾಗಿ ಮೇಲೆತ್ತುವುದರಿಂದಲೇ ಪಫ್ ಉಬ್ಬುತ್ತದೆ. ಲಟ್ಟಿಸುವಾಗಲೇ ಬೆಣ್ಣೆ ಕರಗಿ ಹಿಟ್ಟಿನಲ್ಲಿ ಸೇರಿಹೋದರೆ ಎತ್ತಲು ಪದರೇ ಇರುವುದಿಲ್ಲ. ಆದ್ದರಿಂದ ಬೆಳಗಿನ ತಂಪಿನಲ್ಲಿ ಲಟ್ಟಿಸಿ, ಪ್ರತಿ ಮಡಿಕೆಯ ನಂತರ 30 ನಿಮಿಷ ಫ್ರಿಜ್ಜಿನಲ್ಲಿಡಿ.

ಉಳ್ಳಾಗಡ್ಡಿಯ ತೂಕದಲ್ಲಿ ಬಹುಪಾಲು ನೀರೇ ಇರುವುದರಿಂದ ಅಲ್ಲಿ ಅವಸರ ಸಲ್ಲದು. ತೆಳ್ಳಗೆ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 35-40 ನಿಮಿಷ ಬಾಡಿಸಿದರೆ, ಬಾಣಲೆ ತುಂಬ ಇದ್ದದ್ದು ಒಂದೆರಡು ಹಿಡಿಯಷ್ಟಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಚಮಚದಿಂದ ಬದಿಗೆ ಸರಿಸಿದಾಗ ತಳದಲ್ಲಿ ನೀರು ಜಿನುಗಬಾರದು. ಪೂರ್ತಿ ಆರಿದ ಮೇಲೆಯೇ ಹರಡಿ. (ಬೀಗರು ಬಂದ ಗಡಿಬಿಡಿಯಲ್ಲಿ ನಾನು ಒಮ್ಮೆ ಬಿಸಿಯಾಗಿಯೇ ಹಾಕಿದ್ದೆ, ಆ ಟಾರ್ಟನ್ನು ಚಮಚದಲ್ಲಿ ತಿನ್ನಬೇಕಾಯಿತು.) ಅಂಚಿಗೆ ಒಂದು ಬೆರಳಗಲ ಬಿಟ್ಟು ನಡುಭಾಗವನ್ನು ಫೋರ್ಕಿನಿಂದ ಚುಚ್ಚಿ, 200 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್ನಿನ ಕೆಳಗಿನ ಹಂತದಲ್ಲಿ ಸುಮಾರು 25 ನಿಮಿಷ ಬೇಯಿಸಿ. ಚೀಸ್ ಬದಲಿಸುವುದೇ ಆದರೆ, ನೀರು ಬಿಡುವ ತಾಜಾ ಮೊಝರೆಲ್ಲಾಕ್ಕಿಂತ ಚೆಡ್ಡಾರ್ ತುರಿ ವಾಸಿ.