ನಾಲಿಗೆ ಮರಗಟ್ಟಿಸಿದ ಸ್ಟ್ಯಾಂಪ್

(ಹುಡುಗ ಮತ್ತು ಅವನ ತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗನಿಗೆ 20 ವರ್ಷ. ಊರಲ್ಲಿ ಅಡಿಕೆ ತೋಟ. ತುಮಕೂರಲ್ಲಿ ಗೆಳೆಯರ ಜೊತೆ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದುತ್ತಿದ್ದಾನೆ. ನನ್ನ ಹತ್ತಿರ ಕರೆದುಕೊಂಡು ಬಂದದ್ದು ತಾಯಿ. ಅಷ್ಟರಲ್ಲಿ ಅಂತ್ರ ಕಟ್ಟಿಸಿ ಆಗಿತ್ತು, ಗೊರವನಹಳ್ಳಿ ಲಕ್ಷ್ಮಿಗೆ ಹರಕೆಯೂ ಹೊತ್ತಿದ್ದರು. "ಗಾಳಿ ಸೋಕಿದೆ ಅಂತಾರೆ ಮೇಡಂ. ಗೋಡೆ ಅಲ್ಲಾಡುತ್ತೆ ಅಂತಾನೆ. ರಾತ್ರಿ ಲೈಟ್ ಆರಿಸೋಕೆ ಬಿಡಲ್ಲ" ಅಂದರು.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ಹುಡುಗ ಬಾಯಿಬಿಟ್ಟ.

ಎರಡು ತಿಂಗಳ ಹಿಂದೆ, ಪರೀಕ್ಷೆ ಮುಗಿದ ಸಂಜೆ, ಗೆಳೆಯನೊಬ್ಬ 'ಸ್ಟ್ಯಾಂಪ್' ತಂದಿದ್ದ. ಕಿರುಬೆರಳ ಉಗುರಿನಷ್ಟು ಕಾಗದ, ಮೇಲೆ ಬಣ್ಣದ ಚಿತ್ರ. ಎಲ್‌ಎಸ್‌ಡಿ ಕಣೋ, ಏನೂ ಆಗಲ್ಲ ಅಂದನಂತೆ. ಎಲ್‌ಎಸ್‌ಡಿ ಅಂದರೆ ಇಲ್ಲದ್ದನ್ನು ಕಾಣಿಸುವ ಡ್ರಗ್. ನಮ್ಮ ಹುಡುಗ ಬುದ್ಧಿವಂತ, ಮೊದಲೇ ಗೂಗಲ್ ಮಾಡಿದ್ದ. ಎಲ್‌ಎಸ್‌ಡಿಯ ವಿಷದಿಂದಲೇ ಸತ್ತವರು ತೀರಾ ಅಪರೂಪ ಅಂತ ಓದಿದ್ದ. ಅದು ಸುಳ್ಳೇನಲ್ಲ. ಆದರೆ ಓದಿದ್ದು ಒಂದರ ಬಗ್ಗೆ, ಬಾಯಿಗೆ ಹಾಕಿಕೊಂಡದ್ದು ಬಹುಶಃ ಬೇರೆಯೇ.

"ಇಟ್ಟ ತಕ್ಷಣ ಕಹಿ ಮೇಡಂ. ಆಮೇಲೆ ನಾಲಿಗೆ, ತುಟಿ ಎಲ್ಲ ಮರಗಟ್ಟಿತು. ಹಲ್ಲು ಕೀಳೋಕೆ ಇಂಜೆಕ್ಷನ್ ಕೊಟ್ಟ ಹಾಗೆ."

ಇದನ್ನು ಕೇಳಿದಾಗಲೇ ನನಗೆ ಅನುಮಾನ ಬಂತು. ಎಲ್‌ಎಸ್‌ಡಿಗೆ ಹೆಚ್ಚುಕಡಿಮೆ ರುಚಿಯೇ ಇಲ್ಲ. ಕಹಿಯಾಗಿ ಬಾಯಿ ಮರಗಟ್ಟಿಸುವುದು 'ಎನ್‌ಬೋಮ್' ಗುಂಪಿನ ಸಿಂಥೆಟಿಕ್ ಡ್ರಗ್‌ಗಳ ಗುರುತು. ಇದರ ಹಿಂದಿನ ಕಥೆ ಸ್ವಲ್ಪ ಕೇಳಿ. 1970ರ ದಶಕದಲ್ಲಿ ಅಮೆರಿಕದ ಅಲೆಕ್ಸಾಂಡರ್ ಶುಲ್ಗಿನ್ ಎಂಬ ರಸಾಯನಶಾಸ್ತ್ರಜ್ಞ 2ಸಿ-ಬಿ ಎಂಬ ಭ್ರಮೆ ಹುಟ್ಟಿಸುವ ಡ್ರಗ್ ತಯಾರಿಸಿದ. ಅಂಥದೇ ಅಣುಗಳಿಗೆ ಇನ್ನೊಂದು ತುಂಡು ಜೋಡಿಸಿ, ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಬಗ್ಗೆ ಸಂಶೋಧನೆ ಮಾಡಲು 2003ರ ಹೊತ್ತಿಗೆ ಬರ್ಲಿನ್‌ನಲ್ಲಿ ರಾಲ್ಫ್ ಹೈಮ್ ಎಂಬ ಸಂಶೋಧಕ ಎನ್‌ಬೋಮ್ ಮಾಡಿದ. ಲ್ಯಾಬ್‌ಗೆಂದು ಮಾಡಿದ್ದು 2010ರ ಆಸುಪಾಸಿನಲ್ಲಿ ಬೀದಿಗೆ ಬಂತು. ಒಂದು ಮಿಲಿಗ್ರಾಮ್‌ಗಿಂತ ಕಡಿಮೆ ಇದ್ದರೂ ತಲೆಗೇರುತ್ತದೆ, ಹಾಗಾಗಿ ಪುಟ್ಟ ಕಾಗದದಲ್ಲೇ ಹಿಡಿಸಿ ಎಲ್‌ಎಸ್‌ಡಿ ಅಂತ ಮಾರಬಹುದು. 2015ರಲ್ಲಿ ವಿಶ್ವಸಂಸ್ಥೆ ಈ ಗುಂಪಿನ ಮೂರನ್ನು ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ಅಷ್ಟಕ್ಕೆ ಮುಗಿಯಲಿಲ್ಲ. ಒಂದನ್ನು ನಿಷೇಧಿಸಿದರೆ ಅಣುವಿನ ತುದಿ ಸ್ವಲ್ಪ ಬದಲಿಸಿ ಇನ್ನೊಂದನ್ನು ಇಳಿಸುತ್ತಾರೆ. ಅದನ್ನು ಮೊದಲು ನುಂಗಿ ನೋಡುವವರು ಇಂಥ ಹುಡುಗರೇ.

ಅರ್ಧ ಗಂಟೆ ಏನೂ ಆಗಲಿಲ್ಲ ಅಂತ ಇವನು ಇನ್ನರ್ಧ ಹಾಕಿಕೊಂಡ. ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾಯಿತು. ಮೈ ಕೆಂಡ, ಬೆರಳು ಮಾತ್ರ ತಣ್ಣಗೆ. ಈ ಡ್ರಗ್ ರಕ್ತನಾಳ ಬಿಗಿಸುತ್ತದೆ, ಬಿಪಿ ಏರಿಸುತ್ತದೆ. ಕೊನೆಗೆ ಫಿಟ್ಸ್ ಬಂತು. ಗೆಳೆಯರು ಕೈಗೆ ರೂಮಿನ ಬೀಗದ ಕೈ ಹಿಡಿಸಿದರು, ಮೂಗಿಗೆ ಈರುಳ್ಳಿ ಹಿಡಿದರು, ಬಾಯಿಗೆ ನಿಂಬೆ ಶರಬತ್ತು ಸುರಿದರು. 108ಕ್ಕೆ ಫೋನ್ ಮಾಡೋದಾ ಬೇಡವಾ ಅಂತ ಜಗಳ ಬೇರೆ. ಪೊಲೀಸ್ ಕೇಸ್ ಆದರೆ? ಮೇಲಿನ ಮನೆಯ ಆಂಟಿ ಗದ್ದಲ ಕೇಳಿ ಕೆಳಗೆ ಬಂದು ಫೋನ್ ಮಾಡಿದರು, ಹುಡುಗ ಉಳಿದ. ಆಸ್ಪತ್ರೆಯಲ್ಲೂ ಗೆಳೆಯರು ಹೇಳಿದ್ದು ಫುಡ್ ಪಾಯಿಸನ್ ಅಂತ! ಮಾಮೂಲಿ ಮೂತ್ರದ ಕಿಟ್‌ಗೆ ಎನ್‌ಬೋಮ್ ಸಿಗುವುದಿಲ್ಲ. ನೀವು ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದಾದರೂ ಹೇಗೆ?

ಹುಡುಗನಿಗೆ ಮೊದಲು ಹೇಳಿದ್ದು ಇಷ್ಟು: ನಿನಗೆ ಹುಚ್ಚು ಹಿಡಿದಿಲ್ಲ, ಗಾಳಿಯೂ ಸೋಕಿಲ್ಲ. ಡ್ರಗ್ ದೇಹದಿಂದ ಹೋದ ಮೇಲೂ ಕೆಲವರಿಗೆ ಗೋಡೆ ಅಲ್ಲಾಡಿದ ಹಾಗೆ, ಓಡುವ ವಸ್ತುವಿನ ಹಿಂದೆ ನೆರಳು ಉಳಿದ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ದಿನ ಕಳೆದಂತೆ ಕಡಿಮೆಯಾಗುತ್ತದೆ, ಕೆಲವರಿಗೆ ತುಂಬಾ ಕಾಲ ಹಿಡಿಯುತ್ತದೆ. ನಿದ್ದೆಗೆಟ್ಟರೆ, ಗಾಂಜಾ ಸೇದಿದರೆ ಜಾಸ್ತಿಯಾಗಬಹುದು. ಫಿಟ್ಸ್ ಬಂದಿದ್ದರಿಂದ ನರರೋಗ ತಜ್ಞರಿಗೂ, ಭಯಕ್ಕೆ ಮನೋವೈದ್ಯರಿಗೂ ತೋರಿಸಲು ಕಳಿಸಿದೆ.

ತಾಯಿಗೆ ಹೇಳೋಣವಾ ಅಂತ ಕೇಳಿದೆ. "ನೀವೇ ಹೇಳಿ, ಅಪ್ಪನಿಗೆ ಮಾತ್ರ ಈಗಲೇ ಬೇಡ" ಅಂದ. ತಾಯಿ ಅತ್ತರು. ಆಮೇಲೆ "ಓದು ಬಿಡಿಸಿ ಊರಿಗೆ ಕರ್ಕೊಂಡು ಹೋಗ್ಲಾ?" ಅಂದರು. ಬೇಡಮ್ಮ ಅಂದೆ. ತೋಟದ ಮನೆಯಲ್ಲಿ ಸುಮ್ನೆ ಕೂತರೆ ಅವನ ಗಮನವೆಲ್ಲ ಗೋಡೆ ಮೇಲೇ. ಅಂತ್ರ ಇರಲಿ, ಮಾತ್ರೆ ತಪ್ಪಿಸಬೇಡಿ. ದಿನಾ ಫೋನ್ ಮಾಡಿ, ಆದರೆ ಊಟ, ನಿದ್ದೆ ಕೇಳಿ. 'ಮತ್ತೆ ತಗೊಂಡ್ಯಾ' ಅಂತ ಪ್ರತಿ ಸಲ ಕೇಳಿದರೆ ಫೋನ್ ಎತ್ತುವುದನ್ನೇ ಬಿಡುತ್ತಾನೆ.

ರೂಮಿನ ಗೆಳೆಯರನ್ನೂ ಕರೆಸಿದೆ. ಬೈಯಲಿಲ್ಲ, ಬೈದರೆ ಇನ್ನೊಂದು ಸಲವೂ ಮುಚ್ಚಿಡುತ್ತಾರೆ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕೈಕಾಲು ಕಟ್ಟಿಹಾಕಬೇಡಿ, ಮೈ ಸುಡುತ್ತಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ತಕ್ಷಣ 108. ಏನು ತಗೊಂಡ, ಕಹಿ ಇತ್ತಾ, ಎಷ್ಟು ಹೊತ್ತಿಗೆ ಅನ್ನೋದನ್ನು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಇದಕ್ಕೆ ಪ್ರತಿವಿಷ ಇಲ್ಲ. ಫಿಟ್ಸ್ ನಿಲ್ಲಿಸಿ, ಮೈ ತಣ್ಣಗೆ ಮಾಡಿ, ಡ್ರಿಪ್ ಹಾಕಿ ಕಾಯಬೇಕು. ಹಾಗಾಗಿ ಎಷ್ಟು ಬೇಗ ತಲುಪಿದಿರಿ ಅನ್ನೋದೇ ಮುಖ್ಯ.

ಸ್ಟ್ಯಾಂಪ್ ತಂದ ಗೆಳೆಯ ಮಾತ್ರ ಬಂದಿಲ್ಲ. ಅವನಿಗೆ ಇದು ಚಟವಾಗಿದೆ, ಕೇಸಿನ ಭಯವೂ ಇದೆ ಅಂತ ಉಳಿದವರು ಹೇಳಿದರು. ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್ ಬಗ್ಗೆ ಅವನಿಗೆ ತಿಳಿಸಲು ಹೇಳಿದ್ದೇನೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ, ತಾನಾಗಿ ಬಂದು ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪೂರ್ತಿ ಮಾಡಿದರೆ ಆ ಕೇಸಿನಿಂದ ರಕ್ಷಣೆ ಕೊಡುವ ಸೆಕ್ಷನ್ ಅದು. ಮಾರಾಟಕ್ಕೆ ಈ ರಿಯಾಯಿತಿ ಇಲ್ಲ, ಅದನ್ನೂ ಹೇಳಿ ಅಂದೆ. ನನ್ನ ಹತ್ತಿರ ಬರಲು ಮುಜುಗರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಲಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.