ಟೊಂಕ ನೋವಿಗೆ ವೈದ್ಯರನ್ನು ಯಾವಾಗ ಕಾಣಬೇಕು?

ಭತ್ತದ ಚೀಲ ಎತ್ತುವಾಗ ಹಿಡಿದ ಟೊಂಕ 12 ದಿನವಾದರೂ ಬಿಟ್ಟಿಲ್ಲ, ಎಂಆರ್‌ಐ ಮಾಡಿಸಬೇಕೇ ಅಥವಾ ಇನ್ನೂ ಕಾಯಬಹುದೇ ಎಂದು ಕೇಳಿದ್ದೀರಿ. ನಾನು ಗಂಗಾವತಿಯಲ್ಲಿ ಫಿಸಿಯೊಥೆರಪಿಸ್ಟ್. ಅಕ್ಕಿ ಗಿರಣಿಯ ಹಮಾಲರೂ ನಾಟಿ ಹಚ್ಚುವ ಹೆಣ್ಣುಮಕ್ಕಳೂ ಇದೇ ನೋವು ಹೇಳಿಕೊಂಡು ಬರುತ್ತಿರುತ್ತಾರೆ. ನೀವು ಬರೆದಿರುವಂತೆ ನೋವು ಟೊಂಕದಲ್ಲಷ್ಟೇ ಇದ್ದು, ಬಾಗಿದಾಗ ಹೆಚ್ಚಿ ಮಲಗಿದಾಗ ತಗ್ಗುತ್ತಿದ್ದರೆ ಅದು ಬಹುಮಟ್ಟಿಗೆ ಉಳುಕು. ಹೆಚ್ಚಿನವರಿಗೆ 4ರಿಂದ 6 ವಾರಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಹಾಸಿಗೆ ಹಿಡಿಯದೆ, ಭಾರ ಎತ್ತದೆ ಓಡಾಡಿಕೊಂಡಿರಿ. ಈ ಹಂತದಲ್ಲಿ ಎಂಆರ್‌ಐ ಬೇಕಾಗುವುದಿಲ್ಲ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಡಿಸ್ಕ್, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ, ಉಬ್ಬಿರುವುದು ಕಾಣುತ್ತದೆ, ಆ ವರದಿ ಓದಿ ಹೆದರಿ ಬಂದವರಿಗೆ ಧೈರ್ಯ ಹೇಳುವುದೇ ನನಗೊಂದು ಕೆಲಸವಾಗಿದೆ.

ಆದರೆ ನೋವು ಎಷ್ಟು ಜೋರಾಗಿದೆ ಎಂಬುದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹಿಂದೊಮ್ಮೆ ಬಂದ ಹಮಾಲರೊಬ್ಬರು ಮೂರು ವಾರ ಎಣ್ಣೆ ತಿಕ್ಕಿಸಿ, ಬೆನ್ನು ತುಳಿಸಿಕೊಂಡು, ನೋವು ಕಡಿಮೆಯಾಗಿದೆ ಎಂದು ಸಮಾಧಾನದಲ್ಲಿದ್ದರು. ಬಾಗಿಲಿನಿಂದ ಮಂಚದವರೆಗೆ ಬರುವಷ್ಟರಲ್ಲಿ ಅವರ ಬಲಗಾಲಿನ ಹವಾಯಿ ಚಪ್ಪಲಿ ಎರಡು ಸಲ ಕಳಚಿ ಹಿಂದೆ ಉಳಿಯಿತು. ಅದು ಅವರ ಗಮನಕ್ಕೇ ಬರಲಿಲ್ಲ. ಹಿಮ್ಮಡಿಯ ಮೇಲೆ ನಡೆಯಿರಿ ಎಂದಾಗ ಬಲ ಪಾದದ ಮುಂಭಾಗ ಮೇಲೇಳಲಿಲ್ಲ. ಟೊಂಕದ 4 ಮತ್ತು 5ನೇ ಮೂಳೆಗಳ ನಡುವಿನ, ವರದಿಗಳಲ್ಲಿ ಎಲ್4–ಎಲ್5 ಎಂದು ಬರೆಯುವ ಡಿಸ್ಕ್ ಜಾರಿ, ಪಾದವನ್ನು ಎತ್ತುವ ನರವನ್ನು ಒತ್ತಿದಾಗ ಹೀಗಾಗುವುದುಂಟು. ವ್ಯಾಯಾಮದ ಮಾತೆತ್ತದೆ ಅವರನ್ನು ಅಂದೇ ಶಸ್ತ್ರಚಿಕಿತ್ಸಕರ ಬಳಿಗೆ ಕಳಿಸಿದೆ. ನೀವೂ ಗೋಡೆ ಹಿಡಿದು ಹತ್ತು ಹೆಜ್ಜೆ ಹಿಮ್ಮಡಿಯಲ್ಲಿ, ಹತ್ತು ಹೆಜ್ಜೆ ತುದಿಗಾಲಿನಲ್ಲಿ ನಡೆದು ನೋಡಿ. ಒಂದು ಕಾಲು ಸೋತರೆ ಕಾಯುವ ಮಾತಿಲ್ಲ.

ಇದಕ್ಕಿಂತ ತುರ್ತಿನದು ಇನ್ನೊಂದಿದೆ, ನಾಚಿಕೆಯಿಂದ ಜನ ಬಾಯಿಬಿಡದೇ ಇರುವುದೂ ಅದನ್ನೇ. ಬೈಕಿನ ಸೀಟಿಗೆ ತಾಗುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಇಲ್ಲವೇ ಅರಿವಿಲ್ಲದೆ ಸೋರಿದರೆ, ಮಲದ ಮೇಲಿನ ಹಿಡಿತ ತಪ್ಪಿದರೆ, ಎರಡೂ ಕಾಲು ಸೋಲತೊಡಗಿದರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ, ಕೊಪ್ಪಳ, ಬಳ್ಳಾರಿ, ರಾಯಚೂರುಗಳಲ್ಲಿ ಹತ್ತಿರವಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ. ಬೆನ್ನೆಲುಬಿನ ಕೆಳಭಾಗದಿಂದ ಈ ಅಂಗಗಳಿಗೆ ಹೋಗುವ ನರಗಳು ಒತ್ತಿಹೋದಾಗ ಹೀಗಾಗುತ್ತದೆ, ಆ ಒತ್ತಡ ತೆಗೆಯುವುದು ತಡವಾದಷ್ಟೂ ಮೂತ್ರದ ಹಿಡಿತ ಮರಳುವ ಸಾಧ್ಯತೆ ಕುಗ್ಗುತ್ತದೆ.

ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನೆಲುಬಿನ ಕ್ಷಯವೇ ಎಂದು ಪರೀಕ್ಷಿಸಬೇಕಾಗುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬಿದ್ದು ಪೆಟ್ಟು ಮಾಡಿಕೊಂಡ ವಯಸ್ಸಾದವರು ಕೂಡಲೇ ತೋರಿಸಬೇಕು. ಪಕ್ಕೆಯಿಂದ ತೊಡೆಸಂದಿಗೆ ಅಲೆ ಅಲೆಯಾಗಿ ಇಳಿಯುವ ನೋವು ಮೂತ್ರಪಿಂಡದ ಕಲ್ಲಿನದಾಗಿರಬಹುದು. ಬೆನ್ನು, ಕುತ್ತಿಗೆ ವರ್ಷಗಟ್ಟಲೆ ಬಿಗಿಯುತ್ತಾ ಬಂದಿದ್ದರೆ ನಮ್ಮ ಕಡೆಯ ಬೋರ್‌ವೆಲ್ ನೀರನ್ನೂ ಅನುಮಾನಿಸಬೇಕು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಬಹುಕಾಲ ಒಳಸೇರಿದರೆ ಮೂಳೆಗೇ ತೊಂದರೆ.

ಇವು ಯಾವುವೂ ಇಲ್ಲದೆ ನಿಮ್ಮ ನೋವು 6 ವಾರ ದಾಟಿದರೆ, ಅಥವಾ ಮೊಣಕಾಲಿನ ಕೆಳಗೆ ಇಳಿದರೆ, ಮೂಳೆ ವೈದ್ಯರನ್ನು ಕಾಣಿರಿ. ಹೋಗುವಾಗ ಈಗಾಗಲೇ ನುಂಗಿರುವ ನೋವಿನ ಗುಳಿಗೆಗಳ ಚೀಟಿಯನ್ನು ಒಯ್ಯಿರಿ. ಬಿಪಿ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಮೊದಲೇ ಹೇಳಿ, ಏಕೆಂದರೆ ಆ ಗುಳಿಗೆಗಳಲ್ಲಿ ಹಲವು ಮೂತ್ರಪಿಂಡಕ್ಕೆ ಭಾರವಾಗುತ್ತವೆ.