ಎಂಟು ತಿಂಗಳ ಮಗು, ಟೊರಾಂಟೊ ಪ್ರಯಾಣ ಮತ್ತು ದಡಾರ

ಪ್ರಶ್ನೆ: ಮುಂದಿನ ತಿಂಗಳ ಕೊನೆಗೆ ನಾವು ಟೊರಾಂಟೊದಲ್ಲಿರುವ ನಾದಿನಿಯ ಮನೆಗೆ ಹೊರಟಿದ್ದೇವೆ. ಮಗುವಿಗೆ ಆಗ ಎಂಟು ತಿಂಗಳು. ಒಂಬತ್ತು ತುಂಬಿದ ಮೇಲೆ ಹಾಕುವ ದಡಾರದ ಲಸಿಕೆ ಆಗಿರುವುದಿಲ್ಲ. ನಮ್ಮತ್ತೆಯವರು ತಮಗೆ ಚಿಕ್ಕಂದಿನಲ್ಲೇ ‘ಅಮ್ಮ’ ಬಂದು ಹೋಗಿದೆ, ಲಸಿಕೆ ಬೇಡ ಎನ್ನುತ್ತಾರೆ. ಏನು ಮಾಡಬೇಕು?
– ಓದುಗರೊಬ್ಬರು, ದಾವಣಗೆರೆ

ಉತ್ತರ: 1998ರಲ್ಲಿ ದಡಾರವನ್ನು ನಿರ್ಮೂಲ ಮಾಡಿದ್ದ ಕೆನಡಾ 2025ರ ನವೆಂಬರ್‌ನಲ್ಲಿ ಆ ಮಾನ್ಯತೆಯನ್ನು ಕಳೆದುಕೊಂಡಿತು. ಹಾಗೆಂದು ಅಪಾಯವೆಲ್ಲ ಅಲ್ಲಿಯದೇ ಎನ್ನುವಂತಿಲ್ಲ; ದಡಾರ ನಮ್ಮಲ್ಲೂ ಇದೆ, ಇಲ್ಲಿಂದಲೇ ಅದನ್ನು ಒಯ್ಯುವ ಸಾಧ್ಯತೆಯೂ ಇದೆ. ಗುಳ್ಳೆ ಕಾಣಿಸುವುದಕ್ಕೆ ನಾಲ್ಕು ದಿನ ಮೊದಲೇ ರೋಗಿಯಿಂದ ಸೋಂಕು ಹರಡತೊಡಗುತ್ತದೆ, ರೋಗಿ ಎದ್ದು ಹೋದ ಮೇಲೂ ವೈರಾಣು ಎರಡು ಗಂಟೆಯವರೆಗೆ ಆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಆದ್ದರಿಂದ ವಿಮಾನ ನಿಲ್ದಾಣದಲ್ಲಿ ಕೆಮ್ಮುವವರಿಂದ ದೂರ ಕುಳಿತರೆ ಸಾಲದು.

ವಿದೇಶಕ್ಕೆ ಹೊರಡುವ ಮಗುವಿಗೆ ಆರು ತಿಂಗಳು ತುಂಬಿದ್ದರೆ ಒಂದು ಮುಂಗಡ ಡೋಸ್ ಕೊಡಬಹುದು. ಮಕ್ಕಳ ತಜ್ಞರನ್ನು ಕಂಡು, ಪ್ರಯಾಣಕ್ಕೆ ಕನಿಷ್ಠ ಎರಡು ವಾರ ಮೊದಲೇ ಇದನ್ನು ಹಾಕಿಸಿ, ತಾಯಿ ಕಾರ್ಡ್‌ನಲ್ಲಿ ದಿನಾಂಕ ಬರೆಸಿಕೊಳ್ಳಿ. ತಾಯಿಯಿಂದ ಬಂದ ಪ್ರತಿಕಾಯಗಳು ಈ ವಯಸ್ಸಿನಲ್ಲಿ ಲಸಿಕೆಯ ಫಲವನ್ನು ತಗ್ಗಿಸುವುದರಿಂದ ಈ ಡೋಸ್ ಲೆಕ್ಕಕ್ಕೆ ಬರುವುದಿಲ್ಲ. ಮುಂದಿನ ಎರಡು ಡೋಸ್‌ಗಳನ್ನು ಹಾಕಿಸಲೇಬೇಕು. ‘ಒಂದು ಆಗಿದೆಯಲ್ಲ’ ಎಂದು ಮನೆಯವರು ಮರೆಯುವುದು ಇಲ್ಲಿಯೇ.

ನಿಮ್ಮ ಮತ್ತು ನಿಮ್ಮ ಯಜಮಾನರ ವಿಷಯ. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ, ಎರಡನೆಯ ಡೋಸ್ ಬಂದದ್ದು 2010ರಲ್ಲಿ. ಎಂಬತ್ತು-ತೊಂಬತ್ತರ ದಶಕದಲ್ಲಿ ಹುಟ್ಟಿದ ಅನೇಕರಿಗೆ ಆಗಿರುವುದು ಒಂದೇ ಡೋಸ್. ದಾಖಲೆ ಸಿಗದಿದ್ದರೆ ಈ ವಾರವೇ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರನ್ನೂ ತಡೆಯುವ ಲಸಿಕೆ) ಹಾಕಿಸಿಕೊಂಡು, 28 ದಿನ ಕಳೆದ ಮೇಲೆ ಇನ್ನೊಂದನ್ನು ಪಡೆಯಿರಿ. ಹಾಲೂಡಿಸುತ್ತಿದ್ದರೆ ಅಡ್ಡಿಯಿಲ್ಲ, ಗರ್ಭಿಣಿಯಾಗಿದ್ದರೆ ಮಾತ್ರ ಕೂಡದು.

ಅತ್ತೆಯವರು ಹೇಳುವ ‘ಅಮ್ಮ’ ಬಹುಶಃ ಸೀತಾಳೆ ಸಿಡುಬು ಇರಬಹುದು. ಅದು ಬೇರೆಯೇ ವೈರಾಣು, ಬೇವಿನಸೊಪ್ಪು ಎರಡಕ್ಕೂ ಒಂದೇ ಆಗಿದ್ದರೂ! ರಕ್ತಪರೀಕ್ಷೆಯಿಂದ ದಡಾರದ ನಿರೋಧ ಶಕ್ತಿ ಇದೆಯೇ ಎಂಬುದು ತಿಳಿಯುತ್ತದೆ. ಮೊದಲೇ ಇದ್ದವರು ಲಸಿಕೆ ಪಡೆದರೂ ಹಾನಿಯಿಲ್ಲ. ಆದರೆ ಇದು ಜೀವಂತ ವೈರಾಣುವಿನ ಲಸಿಕೆಯಾದ್ದರಿಂದ, ಅವರು ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರೆ ಅಥವಾ ಹೆಚ್ಚು ಪ್ರಮಾಣದ ಸ್ಟಿರಾಯ್ಡ್ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಮರಳಿದ ಮೂರು ವಾರದೊಳಗೆ ಯಾರಿಗಾದರೂ ಜ್ವರ, ಕೆಮ್ಮು, ಕೆಂಗಣ್ಣು ಕಾಣಿಸಿಕೊಂಡು, ಮುಖದಿಂದ ಕೆಳಗಿಳಿಯುವ ಕೆಂಪು ಗುಳ್ಳೆಗಳೆದ್ದರೆ, ನೇರವಾಗಿ ಕ್ಲಿನಿಕ್‌ಗೆ ಹೋಗಿ ಸಾಲಿನಲ್ಲಿ ಕೂರಬೇಡಿ. ಮೊದಲು ಫೋನ್ ಮಾಡಿ, ಪ್ರವಾಸದ ವಿಷಯ ತಿಳಿಸಿ, ವೈದ್ಯರು ಹೇಳಿದ ವೇಳೆಗೆ ಹೋಗಿ.